ಆಯಿ ಕಣ್ಣು ಮುಚ್ಚುತ್ತಿರಲಿಲ್ಲ

ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಬೇಕು ಎಂಬುದು ನಮ್ಮ ಮನೆಯ ಮೊದಲ ಕಾಯಿದೆ. ಅದನ್ನು ಮುರಿಯುತ್ತಿದ್ದವರು ಇಬ್ಬರು. ಒಬ್ಬಳು ನಾನು, ಕಳ್ಳಿ. ರೆಪ್ಪೆಯ ಸಂದಿನಿಂದ ಇಣುಕುವವಳು. ಇನ್ನೊಬ್ಬಳು ಆಯಿ, ನನ್ನ ಅಪ್ಪನ ತಾಯಿ. ಆಕೆಗೆ ಇಣುಕುವ ದರ್ದೇ ಇರಲಿಲ್ಲ, ಎರಡೂ ಕಣ್ಣನ್ನು ಪೂರಾ ತೆರೆದುಕೊಂಡೇ ಕೂರುತ್ತಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಕೈ ಜೋಡಿಸಿ, ತುಟಿ ಆಡಿಸುತ್ತ, ಬಾಗಿಲನ್ನೇ ನೋಡುತ್ತ. ಬಾಗಿಲಿಗೆ ಬೆನ್ನು ಮಾಡಿ ಕೂರುವುದು ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ನಾನು ಇಣುಕಿದಾಗಲೆಲ್ಲ ಆಯಿಯ ಕಣ್ಣು ನನ್ನ ತಲೆಯ ಮೇಲಿನಿಂದ ಹಾದು ಹಿಂದೆ ಯಾರನ್ನೋ ನೋಡುತ್ತಿರುವಂತೆ ಕಾಣುತ್ತಿತ್ತು. ಹೊಸ್ತಿಲ ಮೇಲೆ ಯಾರೋ ನಿಂತಿದ್ದಾರೆ, ಆಯಿಗೆ ಮಾತ್ರ ಕಾಣುತ್ತಾರೆ ಎಂದು ನನಗೆ ಗಟ್ಟಿ ನಂಬಿಕೆ. ತಿರುಗಿ ನೋಡುವ ಧೈರ್ಯ ಮಾತ್ರ ಒಂದು ದಿನವೂ ಬರಲಿಲ್ಲ.

ಅತನೂರಿನಲ್ಲಿ ನಮ್ಮ ಮನೆ ಇದ್ದದ್ದು ಹಿಟ್ಟಿನ ಗಿರಣಿಯ ಬೆನ್ನಿಗೆ. ಗಿರಣಿ ಸಾಹುಕಾರನದು, ನಡೆಸುವವನು ಅಪ್ಪ. ನಡುವೆ ಒಂದೇ ಗೋಡೆ, ಹಗಲೆಲ್ಲ ಅದು ನಡುಗುತ್ತಿತ್ತು. ಜೋಳದ ಹಿಟ್ಟಿನ ಧೂಳು ಎಲ್ಲಿಂದಲೋ ಒಳಗೆ ಬಂದು ಗಡಿಗೆ, ಟ್ರಂಕು, ಹಾಸಿಗೆಯ ಮೇಲೆಲ್ಲ ಕೂರುತ್ತಿತ್ತು. ಬೆಳಿಗ್ಗೆ ಅವ್ವ ಒರೆಸಿದ ಟ್ರಂಕಿನ ಮೇಲೆ ಮಧ್ಯಾಹ್ನ ಕೈ ಇಟ್ಟರೆ ಐದು ಬೆರಳೂ ಮೂಡುತ್ತಿದ್ದವು. ಯಾರೂ ಕೈ ಇಡದ ಕಡೆಯೂ ಒಮ್ಮೊಮ್ಮೆ ಗುರುತು ಕಾಣುತ್ತಿದ್ದವು. ‘ಬೆಕ್ಕು ಇರಬೇಕು’ ಎನ್ನುತ್ತಿದ್ದಳು ಅವ್ವ. ಗಿರಣಿಯ ಸದ್ದಿಗೆ ಹೆದರಿ ನಮ್ಮ ಓಣಿಯ ಬೆಕ್ಕುಗಳು ಆ ಕಡೆಗೇ ಸುಳಿಯುತ್ತಿರಲಿಲ್ಲ ಎಂಬುದು ಆಕೆಗೂ ಗೊತ್ತಿತ್ತು. ಸಂಜೆ ಅಪ್ಪ ಗಿರಣಿ ಬಂದ್ ಮಾಡಿದೊಡನೆ ಊರೇ ಉಸಿರು ಹಿಡಿದಂತಾಗುತ್ತಿತ್ತು. ಆ ಮೌನದಲ್ಲಿ ಅಪ್ಪ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಹುಬ್ಬು ಮೀಸೆಯೂ ಬೆಳ್ಳಗಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ದಿನಾ ಬರುವ ಮಗನೇ. ಆದರೂ ಆಯಿ ದಿನಾ ಒಂದು ಗಳಿಗೆ ಬೆಚ್ಚಿ, ಅರ್ಧ ಎದ್ದು, ಮತ್ತೆ ಕೂತುಬಿಡುತ್ತಿದ್ದಳು. ಹೆತ್ತ ಮಗನನ್ನು ನೋಡಿ ಯಾರಾದರೂ ಬೆಚ್ಚುತ್ತಾರೆಯೇ ಎಂದು ನಾನು ಆಗ ಯೋಚಿಸಲಿಲ್ಲ. ಮಕ್ಕಳಿಗೆ ತಮ್ಮ ಮನೆಯಲ್ಲಿ ನಡೆಯುವುದೆಲ್ಲ ಎಲ್ಲರ ಮನೆಯಲ್ಲೂ ನಡೆಯುತ್ತದೆ ಎಂದೇ ಅನಿಸುತ್ತದೆ.

ಅಪ್ಪ ಕೈಕಾಲು ತೊಳೆದು ಬಂದ ಮೇಲೆ ಪ್ರಾರ್ಥನೆ. ಅಪ್ಪ ಬೈಬಲಿನ ಪಾಠ ಓದುವುದು, ಒಂದು ಹಾಡು, ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಬೇಡಿಕೊಳ್ಳುವುದು. ಕೊನೆಯ ಸರದಿ ಆಯಿಯದು. ಆಕೆಯ ಪ್ರಾರ್ಥನೆ ವರ್ಷಾನುಗಟ್ಟಲೆ ಒಂದಕ್ಷರ ಬದಲಾಗಲಿಲ್ಲ.

‘ಮಗಾ, ಸೊಸಿ, ಮೊಮ್ಮಗಳನ್ನ ಕಾಯಿ ತಂದೀ. ಗಿರಣಿ ಪಟ್ಟಾ ಹರೀದಂಗ ನೋಡ್ಕೊ. ಊರ ಮಂದಿ, ದನಾಕರ ಎಲ್ಲಾ ಚಂದಾಗಿಡು. ಮತ್ತ…’

ಅಲ್ಲಿ ನಿಂತುಬಿಡುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ‘ಆಮೆನ್’. ಮುದುಕಿಗೆ ದಮ್ಮು, ಉಸಿರು ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಹೀಗಿರುವಾಗ ಅಪ್ಪ ಜೇವರ್ಗಿಯಲ್ಲಿ ನಡೆದ ಉಜ್ಜೀವನ ಕೂಟಕ್ಕೆ ಹೋಗಿ ಬಂದ. ದೇವರು ಪ್ರತಿಯೊಬ್ಬರಿಗೂ ಒಂದೊಂದು ವರ ಕೊಟ್ಟಿರುತ್ತಾನೆ, ಒಬ್ಬರಿಗೆ ಮುಂದಾಗುವುದನ್ನು ನುಡಿಯುವ ಪ್ರವಾದನೆ, ಒಬ್ಬರಿಗೆ ರೋಗ ವಾಸಿಮಾಡುವುದು, ಒಬ್ಬರಿಗೆ ಉಪಚಾರ. ಅದನ್ನು ಹುಡುಕಿಕೊಳ್ಳದೆ ಸಾಯುವವನು ಹೂತಿಟ್ಟ ಹೊನ್ನಿನ ಮೇಲೆ ಹಸಿದು ಮಲಗಿದವನು ಎಂದು ಅಲ್ಲಿಯ ಬೋಧಕರು ಹೇಳಿದ್ದರಂತೆ. ಅಪ್ಪ ಏನನ್ನೂ ಅರ್ಧಂಬರ್ಧ ಮಾಡುವವನಲ್ಲ. ಬಂದವನೇ ಮನೆಮಂದಿಯ ವರ ಹುಡುಕಲು ಶುರು ಮಾಡಿದ. ಅವ್ವನದು ಉಪಚಾರದ ವರ ಎಂದು ತೀರ್ಪು ಕೊಟ್ಟ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು.

‘ರೊಟ್ಟಿ ಬಡಿಯೋದು ವರ ಆದ್ರ ಈ ಊರ ಹೆಂಗಸ್ರೆಲ್ಲಾ ದೇವದೂತ್ರು ಆಗಬೇಕಿತ್ತು. ಸುಮ್ನ ಉಣ್ಣ ಬರ್ರಿ.’

ಆಯಿಯನ್ನು ಕೇಳಿದರೆ, ‘ನಂದೇನು ವರ ಬಿಡಪ್ಪಾ, ಕುಂತಿರೋದು’ ಎಂದಳು. ಉಳಿದವಳು ನಾನು. ಪಕ್ಕದ ಮನೆಯ ಶರಣಮ್ಮ ಜೋಳ ಬೀಸಿಸಲು ಬಂದಾಗ ಅಪ್ಪ ಉತ್ಸಾಹದಿಂದ ಆಕೆಗೂ ಹೇಳಿದ.

‘ನಮ್ಮ ಕರುಣಾಗ ಯಾವ ವರ ಅದ ಅಂತ ನೋಡಾಕತ್ತೇವ್ರಿ.’

‘ಅಯ್ಯ ಯಪ್ಪಾ! ಪೋರಿಗಿ ಇನ್ನಾ ಬಿದ್ದ ಹಲ್ಲು ಹುಟ್ಟಿಲ್ಲ, ಈಗ್ಲೇ ವರಾ ನೋಡ್ತೀರಾ? ನಿಮ್ಮ ಮಂದ್ಯಾಗ ಇಷ್ಟ ಜಲ್ದಿ ಮಾಡ್ತಾರೇನು?’

ಸಂಜೆಯೊಳಗೆ ಓಣಿಯೆಲ್ಲ ನನ್ನ ಮದುವೆಯ ಸುದ್ದಿ. ನಾನು ನಾಚಿಕೆಯಿಂದ ಗಿರಣಿಯ ಚೀಲಗಳ ಹಿಂದೆ ಅಡಗಿ ಕೂತಿದ್ದೆ. ಆ ನಗೆಚಾಟಿಕೆ ಹೆಚ್ಚು ದಿನ ಉಳಿಯಲಿಲ್ಲ.

ಅದೇ ವಾರ ಒಂದು ಸಂಜೆ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂತು. ಬಾಯಿಪಾಠ ಒಪ್ಪಿಸುತ್ತಿದ್ದೆ. ನಡುವೆ, ಅನ್ನದಲ್ಲಿ ಹಲ್ಲಿಗೆ ಹರಳು ಸಿಕ್ಕಹಾಗೆ, ಒಂದು ಹೆಸರು ಸಿಕ್ಕಿತು. ಉಗುಳಿದೆ.

‘ಕಲ್ಲಪ್ಪ ಮಾಸ್ತರಿಗಿ ನೀರು ಕುಡಸು ತಂದೀ.’

ಮಾಸ್ತರರು ನಮ್ಮ ಓಣಿಯ ತುದಿಯಲ್ಲಿ ಒಬ್ಬರೇ ಇದ್ದರು. ಆ ಬೆಳಿಗ್ಗೆಯೇ ಅವರು ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತು ನಶ್ಯ ಏರಿಸಿ ಹೋಗಿದ್ದರು. ಅವ್ವ ಕಣ್ಣು ಮುಚ್ಚಿಕೊಂಡೇ ಕಿಸಕ್ಕೆಂದಳು. ಮರುದಿನ ಹೊತ್ತು ಏರಿದರೂ ಮಾಸ್ತರರ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದರೆ ಮಂಚದ ಮೇಲೆ ತಣ್ಣಗಾಗಿದ್ದರು. ನೀರಿನ ತಂಬಿಗೆಯ ಕಡೆಗೆ ಕೈ ಚಾಚಿಕೊಂಡೇ ಹೋಗಿದ್ದರಂತೆ, ತಂಬಿಗೆ ಒಂದು ಗೇಣು ದೂರದಲ್ಲಿತ್ತಂತೆ. ಆಮೇಲೆ ಕೆಲವು ದಿನ ಕಳೆದು, ಬಳೆಗಾರ್ತಿ ಸೈದಾಬಿಯ ಹೆಸರು ಬಂತು. ‘ಸೈದಾಬಿ ಹೆದರ್ಯಾಳ, ಹೆದರ್ಯಾಳ’ ಎಂದು ನಾನು ಎರಡು ಸಲ ಅಂದೆನಂತೆ. ನನಗೆ ಒಂದು ಸಲದ್ದೇ ನೆನಪು. ಸೈದಾಬಿಯೂ ಒಂಟಿ ಹೆಂಗಸು. ಮರುದಿನ ಆಕೆಯ ಹೆಣ ಕಂಡದ್ದು ಬಾಗಿಲ ಹಿಂದೆ ಗೋಡೆಗೆ ಒತ್ತಿಕೊಂಡು ಕೂತ ಹಾಗೆ. ಬಳೆಯ ಮಲಾರ ತೊಡೆಯ ಮೇಲೇ ಇತ್ತು.

ಅಲ್ಲಿಗೆ ಮುಗಿಯಿತು ನೋಡಿ. ಈಗ ನನ್ನ ಮೊಬೈಲಿಗೆ ಬೆಳಗಾದರೆ ‘ಅಕ್ಕಾ, ಪ್ರಾರ್ಥನ್ಯಾಗ ನಮ್ಮ ಹೆಸರು ತಗೋರಿ’ ಎಂದು ಹತ್ತಾರು ಸಂದೇಶ ಬರುತ್ತವೆ. ಆಗ ಎಲ್ಲ ಉಲ್ಟಾ. ಬೀಸಿಸಲು ಬಂದ ಹೆಂಗಸರು ನನ್ನ ಕೈಗೆ ಬೆಲ್ಲದ ಚೂರು, ಹುರಿದ ಪುಟಾಣಿ ಕಾಳು ತುರುಕಿ ಕಿವಿಯಲ್ಲಿ ಹೇಳುವರು: ‘ನಮ್ಮ ಹೆಸರು ತಗೀಬ್ಯಾಡ ನಮ್ಮವ್ವಾ.’ ಶರಣಮ್ಮನಂತೂ ನನ್ನನ್ನು ಮೂಲೆಗೆ ಎಳೆದೊಯ್ದು ಒಂದು ಗುಟ್ಟು ಹೇಳಿದಳು.

‘ಶರಣಮ್ಮ ನನ್ನ ಖರೇ ಹೆಸರಲ್ಲ ಬೇ. ಅದು ಲಗ್ನದಾಗ ಇಟ್ಟಿದ್ದು. ತವರಮನಿ ಹೆಸರು ಬ್ಯಾರೆ ಅದ, ನಿನಗ ಹೇಳಂಗಿಲ್ಲ!’

ನನ್ನ ಜೊತೆ ಆಡುವ ಹುಡುಗಿಯರು ದೂರವಾದರು. ಬೆಲ್ಲ ತಿಂದೂ ತಿಂದೂ ನನಗೆ ಹಲ್ಲು ನೋವು ಬಂತು, ಒಂಟಿತನವೂ ಬಂತು. ಹೆಸರು ಹೇಳಿದ್ದಕ್ಕೇ ಸತ್ತರು ಎನ್ನುವವರಿದ್ದರು. ನಾನೂ ಹಾಗೇ ನಂಬಿ ಹೆದರಿ ಸಾಯುತ್ತಿದ್ದೆ. ಅಪ್ಪನ ಉತ್ಸಾಹವೂ ಇಳಿಯಿತು. ಅಫಜಲಪುರದಿಂದ ವಾರಕ್ಕೊಮ್ಮೆ ಬರುತ್ತಿದ್ದ ಪಾದ್ರಿ ಸಾಹೇಬರು ನನ್ನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ಒಳ್ಳೆಯ ಮನುಷ್ಯ, ಅಪ್ಪನಿಗೆ ಮೆತ್ತಗೇ ಹೇಳಿದರು.

‘ಇದು ಎಲ್ಲಿಂದ ಬರ್ತದ ಅಂತ ಪರೀಕ್ಷಾ ಆಗೋತನಕ ಕೂಸು ಬಾಯಿಬಿಟ್ಟು ಪ್ರಾರ್ಥನಿ ಮಾಡೋದು ಬ್ಯಾಡ ಸಮುವೇಲಪ್ಪ.’

ಅಂದಿನಿಂದ ನನ್ನ ಸರದಿ ಇಲ್ಲ. ತುಟಿ ಹೊಲಿದವಳಂತೆ ಕೂರುವುದು. ಆ ಸಂಜೆಯೂ ಹಾಗೇ ಕೂತಿದ್ದೆ, ಇಣುಕುತ್ತ. ಆಯಿ ತನ್ನ ಪಾಠ ಹೇಳುತ್ತ ಬಂದಳು. ಮಗ, ಸೊಸೆ, ಮೊಮ್ಮಗಳು, ಗಿರಣಿಯ ಪಟ್ಟಾ, ಊರ ಮಂದಿ, ದನಕರ. ‘ಮತ್ತ…’ ಎಂದು ನಿಂತಳು. ಆ ಉಸಿರಿನ ಜಾಗದಲ್ಲಿ ನನ್ನ ಹಲ್ಲಿಗೆ ಹರಳು ಸಿಕ್ಕಿತು. ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡೆ. ಬೆರಳ ಸಂದಿನಿಂದಲೇ ಬಂತು.

‘ಲಾಡ್ಲಪ್ಪ. ಲಾಡ್ಲಪ್ಪ ಹಾದಿ ನೋಡಾಕತ್ತಾನ.’

ಬಂದ್ ಆಗಿದ್ದ ಗಿರಣಿಯ ಗೋಡೆ ನಡುಗಿದಂತಾಯಿತು. ನಡುಗಿದ್ದು ಅಪ್ಪ. ಎದ್ದು ನನ್ನ ರಟ್ಟೆ ಹಿಡಿದ.

‘ಈ ಹೆಸರು ಯಾರು ಹೇಳಿಕೊಟ್ರು ನಿನಗ? ಹೇಳು! ನೀ ಹೇಳೀದೇನು ಯವ್ವಾ?’

ಕೇಳಿದ ಮೇಲೆ ಆತನಿಗೇ ಹೊಳೆಯಿತು. ಆಯಿ ಹೇಳಿರಲು ಸಾಧ್ಯವಿಲ್ಲ. ಲಾಡ್ಲಪ್ಪ ಆಯಿಯ ಗಂಡ, ನನ್ನ ಮುತ್ಯಾ. ನಮ್ಮ ಕಡೆ ಹೆಂಗಸರು ಜೀವ ಹೋದರೂ ಗಂಡನ ಹೆಸರು ಬಾಯಿಂದ ತೆಗೆಯುವುದಿಲ್ಲ. ತೆಗೆಯಬೇಕಾದರೆ ಮದುವೆ ಮುಂಜಿಯಲ್ಲಿ ಒಡಪು ಕಟ್ಟಿ, ಪ್ರಾಸದಲ್ಲಿ ಅಡಗಿಸಿ ಹೇಳಬೇಕು. ಬಡಪಾಯಿ ಆಯಿ ದಿನಾ ಪ್ರಾರ್ಥನೆಯಲ್ಲಿ ಆ ಹೆಸರಿನವರೆಗೆ ಬಂದು, ಹೇಳಲಾಗದೆ, ಒಂದು ಉಸಿರಿನ ಜಾಗ ಬಿಟ್ಟು ದಾಟುತ್ತಿದ್ದಳು. ನನ್ನ ಎದುರಿನಲ್ಲಿ ಮುತ್ಯಾನ ಸುದ್ದಿಯನ್ನೇ ಯಾರೂ ಎತ್ತುತ್ತಿರಲಿಲ್ಲ. ಎಲ್ಲೋ ಕಿವಿಗೆ ಬಿದ್ದಿರಬೇಕು ಎಂದು ಈಗ ಓದಿದವರು ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿಲ್ಲ.

ಆಯಿ ಮಾತ್ರ ಎರಡೂ ಕೈಯಿಂದ ಎದೆ ಒತ್ತಿಕೊಂಡು ನಗುತ್ತಿದ್ದಳು, ಅಳುತ್ತಿದ್ದಳು.

‘ಜೀವಂತ ಅದಾರ! ಜೀವಂತ ಅದಾರೋ ಯಪ್ಪಾ!’

ಹೌದಲ್ಲ. ನನ್ನ ಬಾಯಲ್ಲಿ ಬಂದ ಹೆಸರುಗಳೆಲ್ಲ ಆ ಗಳಿಗೆಗೆ ಜೀವ ಇದ್ದವರವು. ಎಷ್ಟೋ ವರ್ಷದಿಂದ ತಾನು ಮುತ್ತೈದೆಯೋ ವಿಧವೆಯೋ ತಿಳಿಯದೆ ಕೂತಿದ್ದ ಹೆಂಗಸಿಗೆ ಉತ್ತರ ಸಿಕ್ಕಿತ್ತು. ಜೊತೆಗೆ, ಹೆಚ್ಚು ದಿನ ಇಲ್ಲ ಎಂಬುದೂ ಅದೇ ಉತ್ತರದಲ್ಲಿತ್ತು. ಹೋಗಿ ಮುಟ್ಟುವಷ್ಟರಲ್ಲಿ ಇರುತ್ತಾನೋ ಇಲ್ಲವೋ, ಅಷ್ಟೇ ಉಳಿದದ್ದು.

ಮುತ್ಯಾನ ಕಥೆಯನ್ನು ಅವ್ವ ಆ ದಿನ ನನಗೆ ಒಲೆಯ ಮುಂದೆ ಪಿಸುಗುಟ್ಟಿದಳು. ಆತ ಆಳಂದದ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಕೂಸು. ಮೊದಲು ಹುಟ್ಟಿದವು ಉಳಿದಿರಲಿಲ್ಲ, ದರ್ಗಾದ ಪೀರರ ಹೆಸರನ್ನೇ ಲಾಡ್ಲಪ್ಪ ಎಂದು ಇಟ್ಟ ಮೇಲೆ ಇದು ಉಳಿಯಿತು. ಹೆಸರು ಹೋದ ದಿನ ಜೀವ ಹೋಗುತ್ತದೆ ಎಂದು ಆತನ ತಾಯಿ ಕಿವಿಯಲ್ಲಿ ಹಾಕಿ ಬೆಳೆಸಿದ್ದಳು. ಮುಂದೆ ಮನೆಯವರೆಲ್ಲ ದೀಕ್ಷಾಸ್ನಾನಕ್ಕೆ ಒಪ್ಪಿದಾಗ ಆತನೂ ಒಪ್ಪಿದ್ದ. ಆದರೆ ಹಳೆಯ ಹೆಸರು ಬಿಟ್ಟು ಹೊಸದು ಇಟ್ಟುಕೊಳ್ಳಬೇಕು ಎಂದರು ಆಗಿನ ಹಿರಿಯರು. ಮಗ ಶಾಮಣ್ಣ ಸಮುವೇಲನಾದ. ಮರುದಿನ ಮುತ್ಯಾನ ಸರದಿ. ಆ ಸಂಜೆ ಆಯಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಆಮೆನ್ ಎಂದು ಕಣ್ಣು ತೆರೆದಾಗ ಎದುರಿನ ಜಾಗ ಖಾಲಿ ಇತ್ತು, ಬಾಗಿಲು ತೆರೆದಿತ್ತು. ಅಂದಿನಿಂದ ಆಯಿ ಕಣ್ಣು ಮುಚ್ಚಲಿಲ್ಲ. ಗಡಿಯ ಖಜೂರಿ ಊರಿನಲ್ಲಿ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಾನೆ ಎಂದು ಒಬ್ಬ ಡ್ರೈವರ್ ಯಾವಾಗಲೋ ಹೇಳಿದ್ದನಂತೆ. ‘ಅವ್ರು ಕರೀಲಿಲ್ಲ, ನಾ ಹೋಗಲಿಲ್ಲ’ ಎಂದಿದ್ದಳಂತೆ ಆಯಿ.

ಈಗ ಕರೆ ಬಂದಿತ್ತು. ಅಪ್ಪ ಒಪ್ಪಲಿಲ್ಲ.

‘ಅವಗ ಹೆಂಡ್ತಿ ಬ್ಯಾಡಾಗಿತ್ತು, ಮಗಾ ಬ್ಯಾಡಾಗಿದ್ದ, ಹೆಸರೊಂದs ಬೇಕಾಗಿತ್ತು. ಆ ಹೆಸರs ಅಪ್ಪಿಕೊಂಡು ಸಾಯ್ಲಿ. ನನ್ನ ಹೆಣದ ಮ್ಯಾಲ ದಾಟಿ ಹೋಗು ಯವ್ವಾ!’

ಮರುದಿನ ಬೆಳಿಗ್ಗೆ ಪಾದ್ರಿ ಸಾಹೇಬರನ್ನೇ ಕರೆಸಿದ. ಇದು ದೇವರದೋ ಸೈತಾನನದೋ ಗೊತ್ತಾಗುವವರೆಗೆ ಯಾರೂ ಎಲ್ಲಿಗೂ ಹೋಗುವುದು ಬೇಡ ಎಂದು ಅವರು ಮೆತ್ತಗೆ ಹೇಳಿದರು. ಅದುವರೆಗೆ ಪಾದ್ರಿಗಳ ಎದುರು ತಲೆ ಎತ್ತದ ಆಯಿ ತಲೆ ಎತ್ತಿದಳು.

‘ಸೈತಾನ ಬಾಯಾರಿದವರಿಗಿ ನೀರು ಕೊಡ್ರಿ ಅಂತಾನೇನ್ರಿ ಸಾಹೇಬ್ರೇ? ಮಾಸ್ತರಿಗಿ ನೀರು ಕುಡಸು ಅಂತು ಕೂಸು. ಯಾರರೆ ಎದ್ದು ಹೋದ್ರೇನ್ರಿ? ಸೈದಾಬಿ ಹೆದರ್ಯಾಳ ಅಂತು. ನಾವೆಲ್ಲಾ ಬಾಗಲಾ ಹಾಕ್ಕೊಂಡು ಕುಂತೇವಿ. ಸಾಯ್ತಾರ ಅಂತ ಹೇಳಾಕ ಅಲ್ರಿ ಹೆಸರು ಕಳಸಿದ್ದು. ಹೋಗ್ರಿ ಅಂತ.’

ಪಾದ್ರಿ ಸಾಹೇಬರ ಕಣ್ಣು ತುಂಬಿತ್ತು. ‘ಹೋಗಿ ಬರ್ರಿ ಯವ್ವಾ’ ಎಂದರು. ಅಪ್ಪ ಎದ್ದು ಗಿರಣಿಗೆ ಹೋಗಿ, ಬೀಸಲು ಒಂದು ಕಾಳೂ ಇಲ್ಲದೆ ಯಂತ್ರ ಚಾಲು ಮಾಡಿದ. ಆ ಗದ್ದಲದಲ್ಲಿ ಅವ್ವ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿ ನನ್ನನ್ನೂ ಆಯಿಯ ಜೊತೆ ಕಳಿಸಿದಳು.

ಆಳಂದದಲ್ಲಿ ಬಸ್ಸು ಬದಲಿಸುವಾಗ ಆಯಿ ದರ್ಗಾದ ದಿಕ್ಕಿಗೆ ತಿರುಗಿ, ಅತ್ತೆಯ ಎದುರು ನಿಂತ ಸೊಸೆಯಂತೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. ದಾರಿಯಲ್ಲಿ ಭೂಸನೂರ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಸಿಕ್ಕಾಗಲೆಲ್ಲ ಆಯಿ ನನ್ನ ಮುಖ ನೋಡುತ್ತಿದ್ದಳು. ಕೇಳಲಿಲ್ಲ, ಬರೀ ನೋಡುತ್ತಿದ್ದಳು. ನನ್ನ ಬಾಯಲ್ಲಿ ಏನೂ ಇರಲಿಲ್ಲ. ಖಜೂರಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಸಾಲು ಲಾರಿ, ಡೀಸೆಲ್ ವಾಸನೆ, ಅರ್ಧ ಮರಾಠಿ ಅರ್ಧ ಕನ್ನಡ. ಪಂಕ್ಚರ್ ಅಂಗಡಿಯವನೊಬ್ಬನಿಗೆ ಆಯಿ ಹೆಸರು ಹೇಳಲಾಗದೆ, ಕೈಯಿಂದ ಹೊಲಿಯುವಂತೆ ಮಾಡಿ ತೋರಿಸಿದಳು.

‘ತಾಡಪತ್ರಿ ಆಜೋಬಾ? ಆ ಮುತ್ಯಾ ಹಿಂದ ಶೆಡ್ಡಿನಾಗ ಅದಾರ್ರಿ. ನಾಕೈದು ದಿನ ಆತು, ಅನ್ನ ಬಿಟ್ಟಾರ. ಬಾಗಲಾ ತಗದs ಇಡ್ರಿ ಅಂತಾರ, ಬರೇ ಬಾಗಲಾ ನೋಡ್ತಾರ. ಯಾರ್ರಿ ನೀವು?’

ಆಯಿ ಉತ್ತರ ಕೊಡದೆ ಒಳಗೆ ನಡೆದಳು. ಶೆಡ್ಡಿನ ತುಂಬ ಹಳೆಯ ತಾಡಪತ್ರಿಗಳು ನೇತಾಡುತ್ತಿದ್ದವು. ಅವನ್ನು ಸರಿಸಿ ನೋಡಿದೆ. ಮಂಚದ ಮೇಲೆ ನನ್ನ ಅಪ್ಪ ಮಲಗಿದ್ದ. ಅದೇ ಮೂಗು, ಅದೇ ಹಣೆ, ಹುಬ್ಬು ಮೀಸೆಯ ಮೇಲೆ ಹಿಟ್ಟು. ಹಿಟ್ಟಲ್ಲ, ನರೆ. ಆಯಿ ದಿನಾ ಸಂಜೆ ಬಾಗಿಲಲ್ಲಿ ಯಾರನ್ನು ಕಂಡು ಬೆಚ್ಚುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ಕಣ್ಣು ಅರೆತೆರೆದಿದ್ದವು, ನಮ್ಮ ಕಡೆಗೇ ಇದ್ದವು, ಆದರೆ ನಾವು ಅವುಗಳಲ್ಲಿ ಇರಲಿಲ್ಲ.

‘ಕಿವಿ ಮಂದ ಅದಾವ. ಹೆಸರು ಹಿಡದು ಜೋರಾಗಿ ಕೂಗ್ರಿ, ಎಚ್ಚರ ಆಗ್ತಾರ’ ಎಂದ ಅಂಗಡಿಯವನು.

ಆಯಿ ಬಾಯಿ ತೆರೆದಳು, ಮುಚ್ಚಿದಳು. ನನ್ನನ್ನು ನೋಡಿದಳು. ನಾನು ಕೂಗಬಹುದಿತ್ತು. ಆಕೆ ಬೇಡವೆಂದು ತಲೆ ಆಡಿಸಿ, ಮಂಚದ ತಲೆಗಡೆಗೆ ಕೂತು, ಆತನ ಕಿವಿಗೆ ಬಾಗಿ, ಮದುಮಗಳ ದನಿಯಲ್ಲಿ ಒಡಪು ಹೇಳಿದಳು.

‘ಹೋಳಿಗಿ ಮ್ಯಾಲ ನೀಡೀನಿ ಆಕಳ ತುಪ್ಪ,
ಬಾಗಲಾ ತಗೀರೆವ್ವ, ಬಂದಾರ ಲಾಡ್ಲಪ್ಪ.’

ಕಣ್ಣುಗಳು ತಿರುಗಿದವು. ಆಯಿಯ ಮೇಲೆ ಬಂದು ನಿಂತವು. ಬಹಳ ಹೊತ್ತಿನ ಮೇಲೆ ಆತ ಕೇಳಿದ:

‘ಮುಗೀತೇನು ನಿನ್ನ ಪ್ರಾರ್ಥನಿ?’

‘ಎಲ್ಲಿ ಮುಗದದ? ನೀವು ನಡಕ್ಕs ಎದ್ದು ಹೋದ್ರಿ.’

ನಕ್ಕಿರಬೇಕು, ಮೀಸೆ ಅಲುಗಿತು. ಆಯಿ ಸೆರಗಿನ ತುದಿ ಅದ್ದಿ ತುಟಿಗೆ ನೀರು ಹಿಂಡಿದಳು. ಆತನ ಕೈ ಆಕೆಯ ಬಳೆಗಳನ್ನು ಒಂದೊಂದಾಗಿ ಮುಟ್ಟಿತು.

‘ಹೆಸರು ಕೇಳ್ತಾರೇನು ಅಲ್ಲಿ?’ ಸಣ್ಣ ಕೂಸಿನಂತೆ ಹೆದರಿ ಕೇಳಿದ.

‘ಕೇಳಾಂಗಿಲ್ರಿ. ಇದs ಹೆಸರೀಲೆ ಕರದಾನ ದೇವ್ರು ನಿಮ್ಮನ್ನ. ನಮ್ಮ ಕೂಸಿನ ಬಾಯಾಗ ಇದs ಹೆಸರು ಕಳಸ್ಯಾನ.’

‘ಹೌದಾ. ಹಂಗಿದ್ರ ಮಾಡು ಮತ್ತ.’

‘ಕರುಣಾ, ಕಣ್ ಮುಚ್ಚು’ ಎಂದಳು ಆಯಿ. ಮಗ, ಸೊಸೆ, ಮೊಮ್ಮಗಳಿಂದ ಶುರು ಮಾಡಿದಳು. ನಾನು ರೂಢಿಯಂತೆ ಇಣುಕಿದೆ. ನನ್ನ ಜನ್ಮದಲ್ಲಿ ಮೊದಲ ಸಲ ಆಯಿಯ ಕಣ್ಣು ಮುಚ್ಚಿದ್ದವು. ಗಟ್ಟಿಯಾಗಿ, ನೆರಿಗೆ ಬೀಳುವಂತೆ ಮುಚ್ಚಿದ್ದಳು. ಗಿರಣಿ, ಊರ ಮಂದಿ, ದನಕರ ಎಲ್ಲ ಆಯಿತು. ‘ಮತ್ತ…’ ಎಂದು ಎಂದಿನ ಜಾಗದಲ್ಲಿ ನಿಂತಳು. ಆ ಉಸಿರಿನಲ್ಲಿ ಮಂಚದ ಮೇಲಿನ ಉಸಿರು ನಿಂತಿತು. ಆಯಿ ಆಮೆನ್ ಎಂದು ಕಣ್ಣು ತೆರೆದಳು. ನೋಡಿದಳು.

ಮರುದಿನ ಬೆಳಿಗ್ಗೆ ಅಪ್ಪ ಬಂದ. ಯಾರು ಸುದ್ದಿ ಮುಟ್ಟಿಸಿದರೋ, ಗಿರಣಿಯಿಂದ ಎದ್ದವನು ಹಾಗೇ ಬಂದಿದ್ದ, ಮೈಯೆಲ್ಲ ಹಿಟ್ಟು. ತಾನೇ ಕುಣಿ ತೋಡಿದ. ಮಣ್ಣು ಹಾಕುವಾಗ ಹೆಸರು ಏನೆಂದು ಹೇಳಬೇಕು ಎಂದು ಅಲ್ಲಿಯವರು ಕೇಳಿದಾಗ ‘ಲಾಡ್ಲಪ್ಪ’ ಎಂದ. ವಾಪಸು ಬಸ್ಸಿನಲ್ಲಿ ಆತ ಮುಂದಿನ ಸೀಟಿನಲ್ಲಿ, ನಾನೂ ಆಯಿಯೂ ಹಿಂದೆ. ಆಳಂದ ಹತ್ತಿರ ಬಂದಾಗ ಆಯಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

‘ನೀ ಕಣ್ ತಗದಿದ್ದಿ, ನನಗ ಗೊತ್ತದ. ಹೋಗುವಾಗ ಯಾಕಡಿ ನೋಡಿದ್ರು? ಬಾಗಲ ಕಡಿ?’

‘ಇಲ್ಲ ಆಯಿ. ನಿನ್ನ ಕಡಿನೇ ನೋಡಾಕತ್ತಿದ್ದ. ಕಡೀತನಕ.’

ಮುಂದಿನ ಸೀಟಿನಲ್ಲಿ ಅಪ್ಪನ ಹಿಟ್ಟು ಮೆತ್ತಿದ ಕುತ್ತಿಗೆ ಅಲುಗದೆ ನಿಂತಿತ್ತು.

‘ಮೊದಲನೇ ಸಲಾ ಹೋಗುವಾಗ್ಲೂ ಹಂಗs ನೋಡಿರಬೇಕು ನೋಡು’ ಎಂದಳು. ‘ನಾ ಕಣ್ ಮುಚ್ಚಿದ್ದೆ.’

ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು.